ಕಲರ್‌ನಲ್ಲಿ ಯು ಇರಬೇಕೇ? ಬ್ರಿಟಿಷ್ ಮತ್ತು ಅಮೆರಿಕನ್ ಸ್ಪೆಲ್ಲಿಂಗ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಟಿಳಕವಾಡಿಯಲ್ಲಿ ನಾನು ಹಲವು ವರ್ಷಗಳಿಂದ ಇಂಗ್ಲಿಷ್ ಪಾಠ ಹೇಳುತ್ತ, ಜೊತೆಗೆ ಪಿಎಚ್‌.ಡಿ. ಪ್ರಬಂಧಗಳ, ಪ್ರಾಜೆಕ್ಟ್ ವರದಿಗಳ ಹಾಗೂ ಉದ್ಯಮಬಾಗದ ಕಾರ್ಖಾನೆಗಳ ಪತ್ರವ್ಯವಹಾರದ ಕರಡು ತಿದ್ದುತ್ತ ಬಂದಿದ್ದೇನೆ. ತರಗತಿ ಮುಗಿದ ಮೇಲೆ ಬಾಗಿಲ ಬಳಿ ನಿಲ್ಲಿಸಿ ಕೇಳಿದ ಪ್ರಶ್ನೆಗಳು, ವಿಜಯಪುರ ಮತ್ತು ಬಾಗಲಕೋಟೆಯಿಂದ ಪತ್ರದಲ್ಲಿ ಬಂದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಇಂಗ್ಲಿಷ್ ಅಕ್ಷರಗಳನ್ನು ನಾವು ಬಾಯಲ್ಲಿ ಹೇಳುವಂತೆಯೇ ಬರೆದಿದ್ದೇನೆ. ಎ ಎಂದರೆ ಮೊದಲ ಅಕ್ಷರ, ಇ ಎಂದರೆ ಐದನೆಯದು, ಐ ಎಂದರೆ ಒಂಬತ್ತನೆಯದು ಎಂದು ಓದಿಕೊಳ್ಳಬೇಕು.

## ಆರಂಭದ ಪ್ರಶ್ನೆಗಳು

“ಸರ, ಕಲರ್ ಬರಿಯೂದ್ರಾಗ ಯು ಹಾಕಬೇಕೇನ್ರಿ, ಬ್ಯಾಡೇನ್ರಿ?”

ಎರಡೂ ಸರಿ. ಯು ಸೇರಿಸಿ ಓ-ಯು-ಆರ್ ಎಂದು ಮುಗಿಸಿದರೆ ಅದು ಬ್ರಿಟಿಷ್ ಪದ್ಧತಿ. ಯು ಬಿಟ್ಟು ಓ-ಆರ್ ಎಂದು ಮುಗಿಸಿದರೆ ಅಮೆರಿಕನ್ ಪದ್ಧತಿ. ಅರ್ಥದಲ್ಲಾಗಲಿ ಉಚ್ಚಾರದಲ್ಲಾಗಲಿ ಆ ಯು ಯಾವ ವ್ಯತ್ಯಾಸವನ್ನೂ ತರುವುದಿಲ್ಲ. ಒಂದೇ ಬರಹದಲ್ಲಿ ಮೇಲಿನ ಸಾಲಿಗೆ ಯು ಕೊಟ್ಟು ಕೆಳಗಿನ ಸಾಲಿನಲ್ಲಿ ಅದನ್ನು ನುಂಗಿದಾಗ ಮಾತ್ರ ತಪ್ಪಾಗುತ್ತದೆ. ಖಡೇಬಜಾರದ ಬಟ್ಟೆ ಅಂಗಡಿಯವರು ಫಲಕದ ಮೇಲೆ ಯಾವ ರೂಪ ಬರೆಸಿದರೂ ಗಿರಾಕಿ ದಾರಿ ತಪ್ಪುವುದಿಲ್ಲ. ಆದರೆ ಅರವತ್ತು ಪುಟದ ವರದಿಯಲ್ಲಿ ಎರಡೂ ರೂಪಗಳು ಬೆರೆತಿದ್ದರೆ, ಇದನ್ನು ಬರೆದವರು ಒಬ್ಬರೋ ಇಬ್ಬರೋ, ಅರ್ಧ ಭಾಗವನ್ನು ಬೇರೆ ಎಲ್ಲಿಂದಲಾದರೂ ಎತ್ತಿದ್ದೋ ಎಂಬ ಸಂಶಯ ಪರೀಕ್ಷಕರಿಗೆ ಬರುವುದು ಸಹಜ, ಮತ್ತು ಆ ಸಂಶಯ ಬಹಳ ಸಲ ನಿಜವೂ ಆಗಿರುತ್ತದೆ.

“ಇಂಗ್ಲಿಷ್ ಭಾಷಾ ಇಂಗ್ಲೆಂಡಿನವರದು. ಅಂದಮ್ಯಾಲೆ ಅದನ್ನ ಅಮೆರಿಕದವರು ಕೆಡಿಸ್ಯಾರ ಅಂತನ ಅಲ್ರಿ?”

ಹಾಗಲ್ಲ. ಇಂಗ್ಲೆಂಡಿನಲ್ಲಿಯೇ ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಈ ಎರಡೂ ರೂಪಗಳು ಅಕ್ಕಪಕ್ಕದಲ್ಲಿ ಓಡಾಡುತ್ತಿದ್ದವು. ಶೇಕ್ಸ್‌ಪಿಯರನ ನಾಟಕಗಳನ್ನು ಒಟ್ಟಿಗೆ ಅಚ್ಚು ಹಾಕಿದ 1623ರ ದೊಡ್ಡ ಸಂಪುಟದಲ್ಲಿ ಆನರ್ ಎಂಬ ಶಬ್ದ ಯು ಇದ್ದೂ ಸಿಗುತ್ತದೆ, ಇಲ್ಲದೆಯೂ ಸಿಗುತ್ತದೆ. ಲ್ಯಾಟಿನ್ ಮೂಲದಲ್ಲಿ ಯು ಇರಲಿಲ್ಲ, ಫ್ರೆಂಚರ ಮೂಲಕ ಬಂದ ರೂಪದಲ್ಲಿ ಇತ್ತು; ಯಾರು ಯಾವ ಕಡೆ ವಾಲಿದರೋ ಆ ರೂಪವನ್ನು ಬರೆದರು.

ದಾರಿ ಕವಲೊಡೆದದ್ದು ಇಬ್ಬರು ನಿಘಂಟುಕಾರರಿಂದ. ಲಂಡನ್ನಿನ ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ನಿಘಂಟು ಫ್ರೆಂಚ್ ರೂಪದ ಪರ ನಿಂತಿತು. ಆತ ಎರರ್ ಮತ್ತು ಹಾರರ್ ಎಂಬ ಶಬ್ದಗಳಿಗೂ ಓ-ಯು-ಆರ್ ಕೊಟ್ಟಿದ್ದ, ಮ್ಯೂಸಿಕ್ ಮತ್ತು ಪಬ್ಲಿಕ್ ಎಂಬವನ್ನು ಕೊನೆಗೆ ಕೆ ಸೇರಿಸಿ ಬರೆದಿದ್ದ. ಅವುಗಳನ್ನು ಆಮೇಲೆ ಇಂಗ್ಲೆಂಡಿನವರೇ ಕೈಬಿಟ್ಟರು. ಆದ್ದರಿಂದ ಬ್ರಿಟಿಷ್ ಸ್ಪೆಲ್ಲಿಂಗ್ ಎಂಬುದು ಅನಾದಿಕಾಲದಿಂದ ಕದಲದೆ ನಿಂತದ್ದೆಂದು ಭಾವಿಸುವುದು ಸರಿಯಲ್ಲ.

ಅತ್ತ ಕನೆಕ್ಟಿಕಟ್‌ನ ಶಾಲಾ ಮಾಸ್ತರ ನೋವಾ ವೆಬ್‌ಸ್ಟರ್ 1783ರಲ್ಲಿ ಮಕ್ಕಳಿಗಾಗಿ ನೀಲಿ ರಟ್ಟಿನ ಕಾಗುಣಿತದ ಪುಸ್ತಕವನ್ನು ತಂದ, 1806ರಲ್ಲಿ ಒಂದು ಚಿಕ್ಕ ನಿಘಂಟನ್ನೂ 1828ರಲ್ಲಿ ಸುಮಾರು 70,000 ಶಬ್ದಗಳ ದೊಡ್ಡ ನಿಘಂಟನ್ನೂ ಪ್ರಕಟಿಸಿದ. ಹೊಸ ದೇಶಕ್ಕೆ ಹೊಸ ಬರವಣಿಗೆ ಬೇಕು, ಮಕ್ಕಳಿಗೆ ಅದು ಸುಲಭವೂ ಆಗಬೇಕು ಎಂಬುದು ಆತನ ವಾದ. ಆದರೂ ಆತ ಹೆಚ್ಚಿನ ರೂಪಗಳನ್ನು ಶೂನ್ಯದಿಂದ ಸೃಷ್ಟಿಸಲಿಲ್ಲ. ಆಗಲೇ ಬಳಕೆಯಲ್ಲಿದ್ದ ಎರಡರಲ್ಲಿ ಗಿಡ್ಡದ್ದನ್ನು ಆಯ್ದುಕೊಂಡ. ನಿಜವಾಗಿ ಹೊಸದಾಗಿದ್ದ ಸೂಚನೆಗಳು, ಉದಾಹರಣೆಗೆ ನಾಲಗೆ ಎಂಬರ್ಥದ ಟಂಗ್ ಅನ್ನು ಟಿ-ಯು-ಎನ್-ಜಿ ಎಂದೂ ಹೆಂಗಸರು ಎಂಬರ್ಥದ ವಿಮೆನ್ ಅನ್ನು ಡಬ್ಲ್ಯು-ಐ-ಎಮ್-ಎಮ್-ಇ-ಎನ್ ಎಂದೂ ಬರೆಯಬೇಕೆಂಬವು, ಅಮೆರಿಕದಲ್ಲಿಯೂ ನಡೆಯಲಿಲ್ಲ. ನಿಘಂಟು ಹೇಳಿದ್ದೆಲ್ಲವನ್ನೂ ಜನ ಕೇಳುವುದಿಲ್ಲ ಎಂಬುದಕ್ಕೆ ನಾನು ತರಗತಿಯಲ್ಲಿ ಕೊಡುವ ಉದಾಹರಣೆ ಇದೇ. ಇನ್ನೊಂದು ಸಂಗತಿಯನ್ನೂ ಹೇಳಬೇಕು: 1787ರ ಅಮೆರಿಕದ ಸಂವಿಧಾನದ ಮೂಲಪ್ರತಿಯಲ್ಲಿ ಡಿಫೆನ್ಸ್ ಎಂಬ ಶಬ್ದ ಇಂದಿನ ಬ್ರಿಟಿಷರಂತೆ ಸಿ ಹಾಕಿಯೂ ಲೇಬರ್ ಎಂಬುದು ಯು ಹಾಕಿಯೂ ಇವೆ.

“ಅಮೆರಿಕದಲ್ಲಿ ಇದಕ್ಕೆ ಸರಕಾರದ ಕಾನೂನು ಇದೆಯೇ?”

ಇಲ್ಲ. ಒಮ್ಮೆ ಅಧ್ಯಕ್ಷರೇ ಪ್ರಯತ್ನಿಸಿ ಸೋತರು. ಥಿಯೊಡೋರ್ ರೂಸ್‌ವೆಲ್ಟ್ 1906ರ ಆಗಸ್ಟ್‌ನಲ್ಲಿ 300 ಶಬ್ದಗಳ ಸರಳ ಸ್ಪೆಲ್ಲಿಂಗ್‌ಗಳನ್ನು ಬಳಸುವಂತೆ ಸರಕಾರಿ ಮುದ್ರಣಾಲಯಕ್ಕೆ ಆದೇಶಿಸಿದರು. ಪತ್ರಿಕೆಗಳು ನಕ್ಕವು, ಡಿಸೆಂಬರ್‌ನಲ್ಲಿ ಅಲ್ಲಿನ ಸಂಸತ್ತು ವಿರೋಧಿಸಿತು, ಅವರು ಆದೇಶವನ್ನು ಹಿಂದಕ್ಕೆ ಪಡೆದರು. ಷಿಕಾಗೊ ಟ್ರಿಬ್ಯೂನ್ ಪತ್ರಿಕೆ 1934ರಿಂದ ಕೆಲವು ಶಬ್ದಗಳನ್ನು ತನ್ನದೇ ರೀತಿಯಲ್ಲಿ ಗಿಡ್ಡ ಮಾಡಿ ಬರೆಯತೊಡಗಿ 1975ರಲ್ಲಿ ಅದನ್ನು ಕೈಬಿಟ್ಟಿತು.

“ನಮ್ಮ ದೇಶದಲ್ಲಿ ಯಾವುದನ್ನು ಬರೆಯಬೇಕು?”

ನಮ್ಮ ಸರಕಾರಿ ಬರಹ, ನ್ಯಾಯಾಲಯ, ಪಠ್ಯಪುಸ್ತಕ ಎಲ್ಲವೂ ಬ್ರಿಟಿಷ್ ಪದ್ಧತಿಯನ್ನು ಅನುಸರಿಸುತ್ತವೆ. ನಮ್ಮ ಸಂವಿಧಾನದ 23ನೆಯ ಅನುಚ್ಛೇದದಲ್ಲಿ ಲೇಬರ್ ಎಂಬುದಕ್ಕೆ ಯು ಇದೆ. 1881ರ ಹಣಕಾಸು ಪತ್ರಗಳ ಕಾಯ್ದೆಯಲ್ಲಿ ಚೆಕ್ ಎಂಬುದು ಸಿ-ಎಚ್-ಇ-ಕ್ಯೂ-ಯು-ಇ. ರಕ್ಷಣಾ ಸಚಿವಾಲಯದ ಹೆಸರಿನ ಡಿಫೆನ್ಸ್‌ನಲ್ಲಿ ಸಿ ಇದೆ. ನಮ್ಮೂರಿನಲ್ಲಿಯೇ ನೋಡಬೇಕೆಂದರೆ ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್‌ನ ಹೆಸರಿನಲ್ಲಿ ಸೆಂಟರ್ ಎಂಬುದು ಆರ್-ಇ ಯಿಂದ ಮುಗಿಯುತ್ತದೆ. ಶಾಲೆ, ಕಚೇರಿ, ಅರ್ಜಿ, ಬ್ಯಾಂಕು ಇವುಗಳ ಮಟ್ಟಿಗೆ ಯೋಚಿಸುವ ಅಗತ್ಯವೇ ಇಲ್ಲ, ಬ್ರಿಟಿಷ್ ರೂಪವನ್ನೇ ಬರೆಯಿರಿ.

“ಎರಡೂ ಖರೇ ಇದ್ರ ಪರೀಕ್ಷಾದಾಗ ಮಾರ್ಕ್ಸ್ ಯಾಕ ಕಟ್ ಮಾಡ್ತಾರ್ರೀ?”

ಕಟ್ ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಅಂತರರಾಷ್ಟ್ರೀಯ ಪರೀಕ್ಷೆಯಾದ ಐಇಎಲ್‌ಟಿಎಸ್ ಎರಡೂ ಪದ್ಧತಿಗಳನ್ನು ಒಪ್ಪುತ್ತದೆ. ಹಾಗಿರುವಾಗ ಎಂಟನೆಯ ಇಯತ್ತೆಯ ಹುಡುಗಿ ಫೇವರಿಟ್ ಎಂಬುದರಲ್ಲಿ ಯು ಬಿಟ್ಟಳೆಂದು ಕೆಂಪು ಗೆರೆ ಎಳೆಯುವುದು ಅತಿಯಾಯಿತು. ಆದರೆ ಇಲ್ಲಿ ಮೌಲ್ಯಮಾಪಕರ ಪಕ್ಷವೂ ಒಂದಿದೆ. ಪಠ್ಯಪುಸ್ತಕದಲ್ಲಿ ಕಣ್ಣೆದುರೇ ಇರುವ ರೂಪವನ್ನು ಬಿಟ್ಟು ಮೊಬೈಲ್ ತಿದ್ದಿಕೊಟ್ಟ ರೂಪವನ್ನು ಬರೆದ ಮಗುವಿಗೆ ಆ ವ್ಯತ್ಯಾಸ ಗೊತ್ತಿರುವುದೇ ಅಪರೂಪ. ಗೆರೆ ಎಳೆದು ಪಕ್ಕದಲ್ಲಿ ಇದು ಅಮೆರಿಕನ್ ರೂಪ ಎಂದು ಬರೆದರೆ ಸಾಕು, ಅಂಕವನ್ನು ಮುಟ್ಟಬೇಕಾಗಿಲ್ಲ.

## ನಿಯಮಗಳ ಒಳಗೆ

“ಬ್ರಿಟಿಷ್ ಅಂದ್ರ ಕೊನಿಗೆ ಓ-ಆರ್ ಇದ್ದಲ್ಲೆಲ್ಲಾ ಯು ಸೇರಿಸೂದೇನ್ರಿ?”

ಅಲ್ಲ, ಹಾಗೆ ಸೇರಿಸಲು ಹೋಗಿಯೇ ಹೆಚ್ಚಿನ ತಪ್ಪುಗಳು ಆಗುತ್ತವೆ. ಡಾಕ್ಟರ್, ಆಕ್ಟರ್, ಟೇಲರ್, ಮಿರರ್, ಎರರ್ ಎಂಬವಕ್ಕೆ ಬ್ರಿಟನ್ನಿನಲ್ಲಿಯೂ ಯು ಇಲ್ಲ. ಇದಕ್ಕಿಂತ ಸೂಕ್ಷ್ಮವಾದದ್ದು ಪ್ರತ್ಯಯ ಸೇರಿದಾಗಿನ ಬದಲಾವಣೆ. ಹ್ಯೂಮರ್ ಎಂಬುದಕ್ಕೆ ಯು ಉಂಟು, ಹ್ಯೂಮರಸ್ ಎಂಬುದಕ್ಕೆ ಇಲ್ಲ. ಲೇಬರ್‌ಗೆ ಉಂಟು, ಲೆಬೋರಿಯಸ್‌ಗೆ ಇಲ್ಲ. ಆನರ್ ಮತ್ತು ಆನರಬಲ್ ಎರಡಕ್ಕೂ ಉಂಟು, ಆನರರಿ ಎಂಬುದಕ್ಕೆ ಇಲ್ಲ. ಲ್ಯಾಟಿನ್ ಶೈಲಿಯ ಬಾಲ ಅಂಟಿದಾಗ ಶಬ್ದ ತನ್ನ ಲ್ಯಾಟಿನ್ ರೂಪಕ್ಕೆ ಮರಳುತ್ತದೆ, ಇಂಗ್ಲಿಷಿನ ಸಾಮಾನ್ಯ ಬಾಲ ಅಂಟಿದಾಗ ಯು ಉಳಿಯುತ್ತದೆ ಎಂದು ಸ್ಥೂಲವಾಗಿ ನೆನಪಿಡಬಹುದು. ಸಂಘ ಸಂಸ್ಥೆಗಳ ಆಮಂತ್ರಣ ಪತ್ರಿಕೆಗಳಲ್ಲಿ ಗೌರವ ಕಾರ್ಯದರ್ಶಿ ಎಂಬುದರ ಇಂಗ್ಲಿಷ್ ರೂಪಕ್ಕೆ ಯು ತುರುಕಿರುವುದನ್ನು ನಾನು ಎಷ್ಟು ಸಲ ತೆಗೆದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ವಿಚಿತ್ರವೆಂದರೆ, ಯು ಕಂಡರೆ ಆಗದ ಅಮೆರಿಕದವರೂ ಗ್ಲಾಮರ್ ಎಂಬ ಶಬ್ದದಲ್ಲಿ ಅದನ್ನು ಸಾಮಾನ್ಯವಾಗಿ ಉಳಿಸಿಕೊಂಡಿದ್ದಾರೆ. ಅದು ಸ್ಕಾಟ್ಲೆಂಡಿನಿಂದ ಬಂದ ಶಬ್ದ.

“ಮೀಟರ್ ಎಂಬುದನ್ನು ಒಮ್ಮೆ ಆರ್-ಇ, ಒಮ್ಮೆ ಇ-ಆರ್ ಎಂದು ಬರೆದಿರುತ್ತಾರೆ. ಯಾವುದು ಸರಿ?”

ಬ್ರಿಟಿಷ್ ಪದ್ಧತಿಯಲ್ಲಿ ಅವು ಎರಡು ಬೇರೆ ಶಬ್ದಗಳು. ಉದ್ದ ಅಳೆಯುವ ಮಾನವಾದರೆ ಆರ್-ಇ. ಮನೆಯ ಗೋಡೆಗೆ ಹಾಕಿದ ಕರೆಂಟಿನ ಮೀಟರ್, ಆಟೋದ ಮೀಟರ್ ಮುಂತಾದ ಸಾಧನವಾದರೆ ಇ-ಆರ್. ಡಯಾಮೀಟರ್, ಪ್ಯಾರಾಮೀಟರ್, ಥರ್ಮಾಮೀಟರ್‌ಗಳು ಎರಡೂ ದೇಶಗಳಲ್ಲಿ ಇ-ಆರ್ ಆಗಿಯೇ ಇರುತ್ತವೆ. ಅಮೆರಿಕದವರು ಮಾನಕ್ಕೂ ಸಾಧನಕ್ಕೂ ಇ-ಆರ್ ಬರೆಯುತ್ತಾರೆ. ಸೆಂಟರ್, ಫೈಬರ್, ಲೀಟರ್ ಎಂಬವಕ್ಕೆ ನಿಯಮ ಸರಳ: ಬ್ರಿಟನ್ನಿನಲ್ಲಿ ಆರ್-ಇ, ಅಮೆರಿಕದಲ್ಲಿ ಇ-ಆರ್. ಎಕರೆ ಎಂಬ ಅರ್ಥದ ಏಕರ್ ಮಾತ್ರ ಅಮೆರಿಕದಲ್ಲಿಯೂ ಆರ್-ಇ ಆಗಿಯೇ ಉಳಿದಿದೆ, ಏಕೆಂದರೆ ಅಕ್ಷರಗಳನ್ನು ತಿರುಗಿಸಿದರೆ ಸಿ ಯ ಮುಂದೆ ಇ ಬಂದು ಓದುವವರು ಅದನ್ನು ಏಸರ್ ಎಂದು ಓದಿಬಿಡುತ್ತಾರೆ.

“ಆರ್ಗನೈಸ್ ಅನ್ನು ಝಡ್ ಹಾಕಿ ಬರೆದರೆ ಅದು ಅಮೆರಿಕನ್ ಆಗುತ್ತದೆ, ಅಲ್ಲವೇ?”

ನಾನು ನೋಡಿದ ಮಾರ್ಗದರ್ಶಕರಲ್ಲಿ ಹತ್ತರಲ್ಲಿ ಒಂಬತ್ತು ಜನ ಹೀಗೆಯೇ ನಂಬಿದ್ದಾರೆ, ಮತ್ತು ಇದು ತಪ್ಪು ನಂಬಿಕೆ. ಗ್ರೀಕ್ ಮೂಲದ ಆ ಪ್ರತ್ಯಯದಲ್ಲಿ ಇದ್ದದ್ದು ಝಡ್. ಫ್ರೆಂಚರು ಅದನ್ನು ಎಸ್ ಮಾಡಿದರು. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟು ಮೊದಲಿನಿಂದಲೂ ಝಡ್ ಪಕ್ಷದ್ದು. ಬ್ರಿಟನ್ನಿನ ಪತ್ರಿಕೆಗಳಲ್ಲಿ, ಶಾಲೆಗಳಲ್ಲಿ ಎಸ್ ಹೆಚ್ಚು ರೂಢಿಯಾಗಿದೆ ಎಂಬುದು ನಿಜ, ಆದರೆ ಝಡ್ ಕಂಡ ತಕ್ಷಣ ಅದನ್ನು ಅಮೆರಿಕಕ್ಕೆ ಹಡಗು ಹತ್ತಿಸಬೇಕಾಗಿಲ್ಲ. ಕಲರ್‌ಗೆ ಯು, ಸೆಂಟರ್‌ಗೆ ಆರ್-ಇ, ಆರ್ಗನೈಸ್‌ಗೆ ಝಡ್ ಎಂದು ಬರೆದ ಪ್ರಬಂಧ ಆಕ್ಸ್‌ಫರ್ಡ್ ಪದ್ಧತಿಯ ಪ್ರಕಾರ ಪೂರ್ತಿ ಸರಿ.

ಆದರೆ ಎರಡು ಎಚ್ಚರಿಕೆಗಳಿವೆ. ಅಡ್ವರ್ಟೈಸ್, ಅಡ್ವೈಸ್, ಸರ್‌ಪ್ರೈಸ್, ಎಕ್ಸರ್‌ಸೈಸ್, ಸೂಪರ್‌ವೈಸ್, ರಿವೈಸ್ ಎಂಬವುಗಳಲ್ಲಿ ಆ ಗ್ರೀಕ್ ಪ್ರತ್ಯಯವೇ ಇಲ್ಲ, ಆದ್ದರಿಂದ ಅವು ಎರಡೂ ದೇಶಗಳಲ್ಲಿ ಎಸ್ ಆಗಿಯೇ ಇರುತ್ತವೆ. ಅನಲೈಸ್ ಎಂಬುದು ಅನಾಲಿಸಿಸ್ ಎಂಬುದರಿಂದ ಬಂದದ್ದರಿಂದ ಆಕ್ಸ್‌ಫರ್ಡ್‌ನವರೂ ಅದಕ್ಕೆ ಎಸ್ ಕೊಡುತ್ತಾರೆ. ಅಲ್ಲಿ ಝಡ್ ಇದ್ದರೆ ಮಾತ್ರ ಅದು ನಿಜವಾಗಿ ಅಮೆರಿಕನ್. ಎಂಜಿನಿಯರಿಂಗ್ ವಿದ್ಯಾರ್ಥಿಗಳ ವರದಿಗಳಲ್ಲಿ ಈ ಶಬ್ದ ಪುಟಕ್ಕೆ ಮೂರು ಸಲ ಬರುವುದರಿಂದ ಇದೊಂದನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ.

“ಡ್ರೈವಿಂಗ್ ಲೈಸೆನ್ಸ್ ಅಂತ ಬೋರ್ಡ್ ಬರಸೂದೈತ್ರಿ. ಸಿ ಹಾಕಸೂದೋ ಎಸ್ ಹಾಕಸೂದೋ?”

ಸಿ ಹಾಕಿಸಿ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಇರುವುದೂ ಅದೇ. ಬ್ರಿಟಿಷ್ ಪದ್ಧತಿಯಲ್ಲಿ ನಾಮಪದಕ್ಕೆ ಸಿ, ಕ್ರಿಯಾಪದಕ್ಕೆ ಎಸ್: ಕೈಯಲ್ಲಿ ಹಿಡಿಯುವ ಪರವಾನಗಿ ಸಿ, ಪರವಾನಗಿ ಕೊಡುವ ಕ್ರಿಯೆ ಎಸ್. ಪ್ರಾಕ್ಟೀಸ್ ಎಂಬುದಕ್ಕೂ ಇದೇ ಕಟ್ಟಳೆ. ಗೊಂದಲವಾದಾಗ ಅಡ್ವೈಸ್ ಎಂಬ ಜೋಡಿಯನ್ನು ನೆನೆಸಿಕೊಳ್ಳಬೇಕು, ಏಕೆಂದರೆ ಅಲ್ಲಿ ನಾಮಪದದ ಸಿ ಮತ್ತು ಕ್ರಿಯಾಪದದ ಎಸ್ ಕಿವಿಗೇ ಬೇರೆಯಾಗಿ ಕೇಳಿಸುತ್ತವೆ. ಅಮೆರಿಕದವರು ಈ ಭೇದವನ್ನು ಬಿಟ್ಟುಕೊಟ್ಟಿದ್ದಾರೆ, ಆದರೆ ಬಿಟ್ಟದ್ದು ಎರಡು ದಿಕ್ಕಿಗೆ: ಲೈಸೆನ್ಸ್ ಎರಡೂ ಅರ್ಥದಲ್ಲಿ ಎಸ್, ಪ್ರಾಕ್ಟೀಸ್ ಎರಡೂ ಅರ್ಥದಲ್ಲಿ ಸಿ. ಅವರದು ಸರಳ, ತರ್ಕಬದ್ಧ ಎಂದು ಹೊಗಳುವವರಿಗೆ ನಾನು ಈ ಜೋಡಿಯನ್ನು ತೋರಿಸುತ್ತೇನೆ.

“ಟ್ರಾವೆಲ್ಲಿಂಗ್‌ನಲ್ಲಿ ಎಲ್ ಒಂದೋ ಎರಡೋ?”

ಬ್ರಿಟಿಷ್ ಬರಹದಲ್ಲಿ ಎರಡು, ಅಮೆರಿಕನ್ ಬರಹದಲ್ಲಿ ಒಂದು. ಅಮೆರಿಕದವರು ಶಬ್ದದ ಒತ್ತು ಕೊನೆಯ ಉಚ್ಚಾರಾಂಶದ ಮೇಲಿದ್ದಾಗ ಮಾತ್ರ ಎಲ್ ಅನ್ನು ಇಮ್ಮಡಿಸುತ್ತಾರೆ. ಹೀಗಾಗಿ ಕಂಟ್ರೋಲ್ ಎಂಬುದರ ಭೂತಕಾಲದಲ್ಲಿ ಅವರದೂ ಎರಡು ಎಲ್. ಬ್ರಿಟಿಷರು ಒತ್ತಿನ ಲೆಕ್ಕ ಹಾಕದೆ ಇಮ್ಮಡಿಸುತ್ತಾರೆ. ಇದು ಪ್ರತ್ಯಯ ಸೇರಿದಾಗಿನ ಮಾತು. ಫುಲ್‌ಫಿಲ್, ಎನ್‌ರೋಲ್, ಸ್ಕಿಲ್‌ಫುಲ್, ಇನ್‌ಸ್ಟಾಲ್‌ಮೆಂಟ್ ಎಂಬಲ್ಲಿ ಆಟ ತಿರುವುಮುರುವಾಗುತ್ತದೆ: ಬ್ರಿಟಿಷರು ಒಂದು ಎಲ್ ಬರೆದಲ್ಲಿ ಅಮೆರಿಕದವರು ಎರಡು ಬರೆಯುತ್ತಾರೆ. ಕಾಲೇಜುಗಳ ಪ್ರವೇಶ ಪತ್ರಗಳಲ್ಲಿ ಎನ್‌ರೋಲ್‌ಮೆಂಟ್ ಎಂಬ ಶಬ್ದ ಎರಡೂ ರೀತಿಯಲ್ಲಿ ಕಾಣಿಸಿಕೊಳ್ಳುತ್ತದೆ; ಬ್ರಿಟಿಷ್ ಲೆಕ್ಕದಲ್ಲಿ ಅದಕ್ಕೆ ಒಂದೇ ಎಲ್.

## ಕಸುಬಿನವರ ಪ್ರಶ್ನೆಗಳು

“ನಮ್ಮದು ಫೌಂಡ್ರಿ ಐತ್ರಿ. ಅಮೆರಿಕದ ಗಿರಾಕಿ ಮೋಲ್ಡ್ ಅಂತ ಬರಿಯೂದ್ರಾಗ ಯು ಹಾಕೂದಿಲ್ಲ. ನಾವೂ ಹಂಗ ಬರೀಬೇಕೇನ್ರಿ?”

ಉದ್ಯಮಬಾಗದಿಂದ ಬರುವ ಕಾಗದಗಳಲ್ಲಿ ಈ ಪ್ರಶ್ನೆಯೇ ಮೇಲುಗೈ. ಮರಳಿನಲ್ಲಿ ಒತ್ತಿ ತೆಗೆಯುವ ಮೋಲ್ಡ್ ಬ್ರಿಟಿಷರಿಗೆ ಎಮ್-ಓ-ಯು-ಎಲ್-ಡಿ, ಅಮೆರಿಕದವರಿಗೆ ಎಮ್-ಓ-ಎಲ್-ಡಿ. ಮಳೆಗಾಲದಲ್ಲಿ ಚಪ್ಪಲಿಗೆ ಹಿಡಿಯುವ ಬೂಷ್ಟಿಗೂ ಅದೇ ಶಬ್ದ, ಅದೇ ಭೇದ. ಬೆಂಚಿಗೆ ಕಚ್ಚಿಸುವ ವೈಸ್ ಎಂಬ ಹತಾರ ಬ್ರಿಟನ್ನಿನಲ್ಲಿ ಸಿ, ಅಮೆರಿಕದಲ್ಲಿ ಎಸ್. ಅಳತೆಯ ಗೇಜ್ ಎಂಬುದನ್ನು ಅಮೆರಿಕದ ಡ್ರಾಯಿಂಗುಗಳಲ್ಲಿ ಯು ಇಲ್ಲದೆ ಜಿ-ಎ-ಜಿ-ಇ ಎಂದು ಬರೆದಿರುವುದೂ ಉಂಟು.

ಇವೆಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಗ್ರೇ ಐರನ್ ಎಂಬಲ್ಲಿ. ಬೂದು ಬೀಡುಕಬ್ಬಿಣದ ಎರಕಗಳಿಗೆ ಇರುವ ಭಾರತೀಯ ಮಾನಕ ಐಎಸ್ 210ರ ಶೀರ್ಷಿಕೆಯಲ್ಲಿ ಗ್ರೇ ಎಂಬುದು ಇ ಹೊಂದಿದ ಬ್ರಿಟಿಷ್ ರೂಪ. ಅಮೆರಿಕದ ಎಎಸ್‌ಟಿಎಮ್ ಎ48ರ ಶೀರ್ಷಿಕೆಯಲ್ಲಿ ಅದು ಎ ಹೊಂದಿದ ಅಮೆರಿಕನ್ ರೂಪ. ಮಾನಕದ ಹೆಸರು ಹೇಳುವಾಗ ಅದು ಅಚ್ಚಾಗಿರುವಂತೆಯೇ ಬರೆಯಬೇಕು, ನಿಮ್ಮ ರೂಢಿಗೆ ತಕ್ಕಂತೆ ತಿದ್ದಬಾರದು. ನನ್ನ ಸಲಹೆ ಇಷ್ಟು: ಗಿರಾಕಿಯ ಪರ್ಚೇಸ್ ಆರ್ಡರ್, ಡ್ರಾಯಿಂಗ್ ಮತ್ತು ತಪಾಸಣೆ ಪ್ರಮಾಣಪತ್ರಗಳಲ್ಲಿ ಭಾಗದ ಹೆಸರು ಗಿರಾಕಿ ಬರೆದಂತೆ ಅಕ್ಷರಶಃ ಇರಲಿ, ಏಕೆಂದರೆ ಅವರ ಕಂಪ್ಯೂಟರಿನಲ್ಲಿ ಹುಡುಕುವವನಿಗೆ ನಿಮ್ಮ ಯು ಸಿಗದೇ ಹೋಗಬಹುದು. ಉಳಿದ ಪತ್ರದ ಒಕ್ಕಣೆಯನ್ನು ನಿಮ್ಮ ಕಚೇರಿಯ ರೂಢಿಯಂತೆ ಬ್ರಿಟಿಷ್ ಪದ್ಧತಿಯಲ್ಲಿ ಬರೆದರೆ ಯಾವ ಗಿರಾಕಿಯೂ ಆರ್ಡರ್ ರದ್ದು ಮಾಡುವುದಿಲ್ಲ.

“ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಸಲ್ಫರ್ ಎಂಬುದನ್ನು ಪಿ-ಎಚ್ ಬರೆಯುತ್ತೇವೆ, ಮಗನ ಪುಸ್ತಕದಲ್ಲಿ ಎಫ್ ಇದೆ. ಅಲ್ಯುಮಿನಿಯಂ ಕಥೆಯೂ ಇದೇ ಏನು?”

ಬಾಗಲಕೋಟೆಯ ಒಬ್ಬ ಕೆಮಿಸ್ಟ್ ಬರೆದ ಪತ್ರವಿದು. ಕಬ್ಬಿನ ರಸವನ್ನು ಬಿಳುಪಾಗಿಸಲು ಗಂಧಕದ ಹೊಗೆ ಹಾಯಿಸುವ ನಮ್ಮ ಕಾರ್ಖಾನೆಗಳಲ್ಲಿ ಪಿ-ಎಚ್ ರೂಪವೇ ಹಳೆಯ ರೂಢಿ, ಮತ್ತು ಅದು ಬ್ರಿಟಿಷ್ ರೂಪ. ಆದರೆ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಪಿಎಸಿ ಎಫ್ ರೂಪವನ್ನು ಆಯ್ದುಕೊಂಡಿತು, ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ 1992ರಲ್ಲಿ ಅದನ್ನೇ ಒಪ್ಪಿತು. ಆದ್ದರಿಂದ ವಿಜ್ಞಾನ ಲೇಖನದಲ್ಲಿ ಎಫ್ ಬರೆಯುವುದು ಅಮೆರಿಕಕ್ಕೆ ಶರಣಾದಂತಲ್ಲ.

ಅಲ್ಯುಮಿನಿಯಂ ವಿಷಯದಲ್ಲಿ ಒಕ್ಕೂಟ ಎದುರು ಪಕ್ಷಕ್ಕೆ ಮಣೆ ಹಾಕಿತು. ಹಂಫ್ರಿ ಡೇವಿ 1808ರಲ್ಲಿ ಈ ಲೋಹಕ್ಕೆ ಅಲ್ಯುಮಿಯಂ ಎಂದೂ 1812ರಲ್ಲಿ ಅಲ್ಯುಮಿನಂ ಎಂದೂ ಹೆಸರಿಟ್ಟ. ಸೋಡಿಯಂ, ಪೊಟ್ಯಾಸಿಯಂಗಳ ಸಾಲಿಗೆ ಹೊಂದಲೆಂದು ಇತರರು ಐ ಸೇರಿಸಿದರು. ಅಮೆರಿಕನ್ ಕೆಮಿಕಲ್ ಸೊಸೈಟಿ 1925ರಲ್ಲಿ ಐ ಇಲ್ಲದ ರೂಪಕ್ಕೆ ಹೋಯಿತು. ಐಯುಪಿಎಸಿ 1990ರಲ್ಲಿ ಐ ಇರುವ ರೂಪವನ್ನು ಮಾನ್ಯ ಮಾಡಿ, 1993ರಲ್ಲಿ ಇನ್ನೊಂದನ್ನೂ ಪರ್ಯಾಯವೆಂದು ಒಪ್ಪಿತು. ಅಂದರೆ ಇಂಗ್ಲೆಂಡಿನ ವಿಜ್ಞಾನಿಯೇ ಇಟ್ಟ ಹೆಸರನ್ನು ಇಂದು ಅಮೆರಿಕನ್ ಎಂದು ಕರೆಯುತ್ತೇವೆ. ಬಾಕ್ಸೈಟ್‌ನಿಂದ ಅಲ್ಯುಮಿನಾ ತೆಗೆಯುವ ಕಾರ್ಖಾನೆ ಇರುವ ಬೆಳಗಾವಿಯವರಿಗೆ ಇಷ್ಟಾದರೂ ಗೊತ್ತಿರಬೇಕು. ಇಲ್ಲಿ ಬರೆಯಬೇಕಾದದ್ದು ಐ ಇರುವ ರೂಪ.

“ವೈದ್ಯಕೀಯ ಶಬ್ದಗಳಲ್ಲಿ ಎ-ಇ ಒಟ್ಟಿಗೆ ಬರುವಲ್ಲಿ ಒಂದನ್ನು ಬಿಟ್ಟರೆ ನಡೆಯುತ್ತದೆಯೇ?”

ಗ್ರೀಕ್ ಶಬ್ದಗಳು ಲ್ಯಾಟಿನ್ ಮೂಲಕ ಬಂದಾಗ ಎ-ಇ, ಓ-ಇ ಎಂಬ ಜೋಡಿ ಸ್ವರಗಳು ಉಳಿದವು. ಬ್ರಿಟಿಷರು ಅವುಗಳನ್ನು ಕಾಯ್ದುಕೊಂಡರು, ಅಮೆರಿಕದವರು ಇ ಮಾತ್ರ ಇಟ್ಟುಕೊಂಡರು: ಅನೀಮಿಯಾ, ಹಿಮೋಗ್ಲೋಬಿನ್, ಡಯೇರಿಯಾ, ಪೀಡಿಯಾಟ್ರಿಕ್ಸ್ ಎಲ್ಲವೂ ಹೀಗೆ. ಈ ಭೇದ ಗ್ರಂಥಾಲಯದಲ್ಲಿ ಕಾಲು ತೊಡರಿಸುತ್ತದೆ. ಅನ್ನನಾಳದ ಇಂಗ್ಲಿಷ್ ಹೆಸರು ಬ್ರಿಟಿಷ್ ಪುಸ್ತಕದ ಸೂಚಿಯಲ್ಲಿ ಓ ಅಕ್ಷರದ ಕೆಳಗೆ ಇದ್ದರೆ ಅಮೆರಿಕನ್ ಪುಸ್ತಕದಲ್ಲಿ ಇ ಕೆಳಗೆ ಇರುತ್ತದೆ. ಒಂದು ಕಡೆ ಸಿಗದಿದ್ದರೆ ಇನ್ನೊಂದು ಕಡೆ ನೋಡಬೇಕು. ವೈದ್ಯಕೀಯ ಲೇಖನಗಳನ್ನು ಹುಡುಕುವ ಜಾಲತಾಣವಾದ ಪಬ್‌ಮೆಡ್‌ನ ವಿಷಯಸೂಚಿ ಅಮೆರಿಕನ್ ರೂಪಗಳಲ್ಲಿದೆ.

ಇಲ್ಲಿಯೂ ಅಪವಾದಗಳಿವೆ. ಗರ್ಭಸ್ಥ ಶಿಶು ಎಂಬರ್ಥದ ಫೀಟಸ್ ಶಬ್ದಕ್ಕೆ ಲ್ಯಾಟಿನ್‌ನಲ್ಲಿ ಓ ಇರಲೇ ಇಲ್ಲ, ಹೀಗಾಗಿ ಬ್ರಿಟಿಷ್ ವೈದ್ಯಕೀಯ ಬರಹದಲ್ಲಿಯೂ ಇ ಮಾತ್ರದ ರೂಪವೇ ಸರಿಯೆನಿಸಿದೆ. ಅತ್ತ ಅಮೆರಿಕದ ಮೂಳೆ ಶಸ್ತ್ರವೈದ್ಯರ ಅಕಾಡೆಮಿ ತನ್ನ ಹೆಸರಿನ ಆರ್ಥೋಪೀಡಿಕ್ ಎಂಬಲ್ಲಿ ಎ-ಇ ಎರಡನ್ನೂ ಉಳಿಸಿಕೊಂಡಿದೆ.

“ಗೋಲಗುಂಬಜದ ಮಾಹಿತಿ ಪತ್ರದಲ್ಲಿ ಏಳು ಅಂತಸ್ತು ಎಂಬುದಕ್ಕೆ ಕಥೆ ಎಂಬ ಅರ್ಥದ ಸ್ಪೆಲ್ಲಿಂಗ್ ಬಂದಿದೆ ಎಂದು ಪ್ರವಾಸಿಯೊಬ್ಬರು ನಕ್ಕರು. ತಪ್ಪೇ?”

ವಿಜಯಪುರದ ಓದುಗರು ಬೇಸರಪಡಬೇಕಾಗಿಲ್ಲ. ಅಂತಸ್ತಿಗೆ ಬ್ರಿಟಿಷ್ ರೂಪ ಎಸ್-ಟಿ-ಓ-ಆರ್-ಇ-ವೈ. ಅಮೆರಿಕದಲ್ಲಿ ಇ ಇಲ್ಲದ ರೂಪವೇ ಅಂತಸ್ತಿಗೂ ಕಥೆಗೂ. ನಾಲ್ಕು ಮೂಲೆಗಳ ಆ ಅಷ್ಟಕೋನ ಗೋಪುರಗಳಿಗೆ ಏಳೇಳು ಅಂತಸ್ತುಗಳು, ಪ್ರತಿಯೊಂದಕ್ಕೂ ಒಂದೊಂದು ಕಥೆ ಇದ್ದರೂ ಇರಬಹುದು, ಆದರೆ ಭಾರತದ ಮಾಹಿತಿ ಪತ್ರದಲ್ಲಿ ಇ ಸೇರಿಸುವುದು ಲೇಸು.

## ಆಳಕ್ಕೆ ಇಳಿದವರ ಪ್ರಶ್ನೆಗಳು

“ಸರಿಯಾಗಿ ಬರೆದರೂ ಕಂಪ್ಯೂಟರ್ ಕೆಂಪು ಗೆರೆ ಎಳೆಯುತ್ತದೆ. ಅರ್ಧ ಪುಟಕ್ಕೆ ಎಳೆಯುತ್ತದೆ, ಅರ್ಧಕ್ಕೆ ಎಳೆಯುವುದಿಲ್ಲ. ಏಕೆ?”

ವರ್ಡ್ ತಂತ್ರಾಂಶ ಬರಹದ ಪ್ರತಿಯೊಂದು ತುಣುಕಿಗೂ ಭಾಷೆಯ ಗುರುತು ಅಂಟಿಸಿಕೊಂಡಿರುತ್ತದೆ. ಬೇರೆ ಕಡೆಯಿಂದ ಅಂಟಿಸಿದ ಪ್ಯಾರಾ ತನ್ನ ಹಳೆಯ ಗುರುತಿನೊಂದಿಗೆ ಬರುವುದರಿಂದ ಅರ್ಧ ಪುಟ ಅಮೆರಿಕನ್, ಅರ್ಧ ಪುಟ ಭಾರತೀಯ ಇಂಗ್ಲಿಷ್ ಆಗಿಬಿಡುತ್ತದೆ. ಕಂಟ್ರೋಲ್ ಮತ್ತು ಎ ಒತ್ತಿ ಇಡೀ ಬರಹವನ್ನು ಆಯ್ದು, ರಿವ್ಯೂ ವಿಭಾಗದ ಲ್ಯಾಂಗ್ವೇಜ್‌ನಲ್ಲಿ ಪ್ರೂಫಿಂಗ್ ಭಾಷೆಯನ್ನು ಇಂಗ್ಲಿಷ್ ಇಂಡಿಯಾ ಎಂದೋ ಯುನೈಟೆಡ್ ಕಿಂಗ್‌ಡಮ್ ಎಂದೋ ಒಂದೇ ಸಲ ಹೊಂದಿಸಬೇಕು. ಹಾಗೆ ಮಾಡಿದರೂ ಮೀಟರ್, ಪ್ರಾಕ್ಟೀಸ್, ಪ್ರೋಗ್ರಾಂ ಮುಂತಾದವುಗಳ ಎರಡೂ ರೂಪಗಳು ಬ್ರಿಟಿಷ್ ನಿಘಂಟಿನಲ್ಲಿ ಇರುವುದರಿಂದ ಅಲ್ಲಿ ಗೆರೆ ಬೀಳುವುದಿಲ್ಲ. ಅವುಗಳನ್ನು ಕಣ್ಣಿನಿಂದಲೇ ಹಿಡಿಯಬೇಕು.

“ಪ್ರಬಂಧ ಪೂರ್ತಿ ಬ್ರಿಟಿಷ್ ಪದ್ಧತಿಯಲ್ಲಿದೆ. ಅಮೆರಿಕದ ಲೇಖಕರ ಮಾತನ್ನು ಉದ್ಧರಿಸುವಾಗ ತಿದ್ದಬಹುದೇ?”

ತಿದ್ದಬಾರದು. ಉದ್ಧರಣ ಚಿಹ್ನೆಯ ಒಳಗಿನ ಮಾತು, ಪುಸ್ತಕದ ಮತ್ತು ಲೇಖನದ ಶೀರ್ಷಿಕೆ, ಸಂಸ್ಥೆಯ ಹೆಸರು, ಊರಿನ ಹೆಸರು ಇವೆಲ್ಲ ಮೂಲದಲ್ಲಿದ್ದಂತೆ ಇರಬೇಕು. ಪರ್ಲ್ ಹಾರ್ಬರ್ ಎಂಬ ಸ್ಥಳನಾಮಕ್ಕೆ ಯು ಇಲ್ಲ, ಬ್ರಿಟಿಷರೂ ಸೇರಿಸುವುದಿಲ್ಲ.

ಈ ಪಾಠವನ್ನು ನಾನು ಕಲಿತದ್ದು ನನ್ನದೇ ಆತುರದಿಂದ. ಮೊದಮೊದಲು ಒಬ್ಬ ವಿದ್ಯಾರ್ಥಿಯ ಪ್ರಬಂಧವನ್ನು ರಾತ್ರೋರಾತ್ರಿ ತಿದ್ದಿಕೊಡಬೇಕಾಗಿ ಬಂದಾಗ, ಕಲರ್ ಎಂಬುದರ ಅಮೆರಿಕನ್ ರೂಪವನ್ನೆಲ್ಲ ಒಂದೇ ಏಟಿಗೆ ಬ್ರಿಟಿಷ್ ಮಾಡುವಂತೆ ಕಂಪ್ಯೂಟರಿಗೆ ಹೇಳಿ ಮಲಗಿದೆ. ಬೆಳಿಗ್ಗೆ ನೋಡಿದರೆ ಗ್ರಂಥಋಣದ ಪಟ್ಟಿಯಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದ ಹೆಸರಿನೊಳಗೂ ಒಂದು ಯು ಹೋಗಿ ಕೂತಿತ್ತು, ಅದೂ ಹನ್ನೊಂದು ಕಡೆ. ಅಂದಿನಿಂದ ಬದಲಾವಣೆಗಳನ್ನು ಒಂದೊಂದಾಗಿ ನೋಡಿಯೇ ಒಪ್ಪುತ್ತೇನೆ.

“ಕೋಡ್ ಬರೆಯುವಾಗ ಬ್ರಿಟಿಷ್ ಸ್ಪೆಲ್ಲಿಂಗ್ ಹಾಕಿದರೆ ಕೆಲಸ ಮಾಡುವುದಿಲ್ಲವೇಕೆ?”

ಪ್ರೋಗ್ರಾಮಿಂಗ್ ಭಾಷೆಯ ಆದೇಶ ಶಬ್ದಗಳು ಇಂಗ್ಲಿಷ್ ಶಬ್ದಗಳಲ್ಲ, ಇಂಗ್ಲಿಷಿನಂತೆ ಕಾಣುವ ಗುರುತುಗಳು. ಜಾಲಪುಟಗಳ ಬಣ್ಣ, ವಿನ್ಯಾಸ ಹೇಳುವ ಸಿಎಸ್‌ಎಸ್‌ನಲ್ಲಿ ಕಲರ್ ಮತ್ತು ಸೆಂಟರ್ ಅಮೆರಿಕನ್ ರೂಪದಲ್ಲಿ ಮಾತ್ರ ನಡೆಯುತ್ತವೆ, ಆದರೆ ಬೂದು ಬಣ್ಣದ ಗ್ರೇ ಎರಡೂ ರೂಪಗಳಲ್ಲಿ ನಡೆಯುತ್ತದೆ. ತಪ್ಪು ಸ್ಪೆಲ್ಲಿಂಗ್ ಕೂಡ ನಿಯಮವಾಗಬಹುದು: ಜಾಲಪುಟಗಳನ್ನು ತರಿಸುವ ನಿಯಮಾವಳಿಯಾದ ಎಚ್‌ಟಿಟಿಪಿಯ 1996ರ ದಾಖಲೆಯಲ್ಲಿ ರೆಫರರ್ ಎಂಬುದರ ನಡುವಿನ ಒಂದು ಆರ್ ಬಿಟ್ಟುಹೋಗಿತ್ತು, ಇಂದಿಗೂ ಹಾಗೆಯೇ ಬರೆಯಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ವರದಿಗಳಲ್ಲಿ ಕೋಡಿನ ಭಾಗ ಕೋಡಿನ ರೂಢಿಯಂತೆ, ವಿವರಣೆಯ ಭಾಗ ಬ್ರಿಟಿಷ್ ರೂಢಿಯಂತೆ ಇರಲಿ. ಗಣಕದ ಪ್ರೋಗ್ರಾಂ ಬ್ರಿಟನ್ನಿನಲ್ಲಿಯೂ ಗಿಡ್ಡ ರೂಪದ್ದೇ. ಕಾಲೇಜಿನ ವಾರ್ಷಿಕೋತ್ಸವದ ಪ್ರೋಗ್ರಾಂ ಮಾತ್ರ ಎಮ್-ಎಮ್-ಇ ಬಾಲ ಹೊಂದಿದ್ದು.

“ಎರಡೂ ಅಲ್ಲದ ಮೂರನೆಯ ಪದ್ಧತಿ ಇದೆಯೇ?”

ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಇಂಗ್ಲಿಷ್ ಹೆಸರಿನಲ್ಲಿ ಲೇಬರ್‌ಗೆ ಯು, ಆರ್ಗನೈಸೇಷನ್‌ಗೆ ಝಡ್. ವಿಶ್ವಸಂಸ್ಥೆಯ ಬರಹವೂ ಇದೇ ಆಕ್ಸ್‌ಫರ್ಡ್ ದಾರಿಯದು. ಕೆನಡಾದವರು ಕಲರ್, ಸೆಂಟರ್, ಚೆಕ್ ಎಂಬವನ್ನು ಬ್ರಿಟಿಷರಂತೆಯೂ ಟೈರ್, ಅಲ್ಯುಮಿನಿಯಂ, ಅನಲೈಸ್ ಎಂಬವನ್ನು ಅಮೆರಿಕದವರಂತೆಯೂ ಬರೆಯುತ್ತಾರೆ. ಆಸ್ಟ್ರೇಲಿಯಾದಲ್ಲಿ ಲೇಬರ್‌ಗೆ ಯು ಇದೆ, ಆದರೆ ಅಲ್ಲಿನ ಲೇಬರ್ ಪಕ್ಷ 1912ರಿಂದ ತನ್ನ ಹೆಸರನ್ನು ಯು ಇಲ್ಲದೆ ಬರೆದುಕೊಳ್ಳುತ್ತಿದೆ.

“ಬೆಳಗಾವಿಯ ಹೆಸರನ್ನು ಇಂಗ್ಲಿಷಿನಲ್ಲಿ ಈಗ ಹೇಗೆ ಬರೆಯಬೇಕು? ಹಳೆಯ ಪುಸ್ತಕಗಳಲ್ಲಿ ಇರುವುದನ್ನೂ ಬದಲಿಸಬೇಕೇ?”

ಇದು ಬ್ರಿಟನ್ ಮತ್ತು ಅಮೆರಿಕದ ಜಗಳವಲ್ಲವಾದರೂ ಪ್ರಬಂಧ ಬರೆಯುವವರೆಲ್ಲ ಕೇಳುವುದರಿಂದ ಇಲ್ಲಿ ಸೇರಿಸಿದ್ದೇನೆ. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಇಂಗ್ಲಿಷ್ ಬರವಣಿಗೆ ಬದಲಾಯಿತು; ಬೆಳಗಾವಿ ಬಿ-ಇ-ಎಲ್-ಎ-ಜಿ-ಎ-ವಿ-ಐ ಆಯಿತು, ವಿಜಯಪುರವೂ ಆ ಪಟ್ಟಿಯಲ್ಲಿತ್ತು. ಬಾಗಲಕೋಟೆ ಇರಲಿಲ್ಲ, ಅದರ ಹೆಸರು ಟಿ ಯಿಂದ ಮುಗಿಯುವ ರೂಪದಲ್ಲಿಯೂ ಕೊನೆಗೆ ಇ ಸೇರಿದ ರೂಪದಲ್ಲಿಯೂ ಕಾಣಸಿಗುತ್ತದೆ, ಒಂದು ಬರಹಕ್ಕೆ ಒಂದನ್ನೇ ಆಯ್ದುಕೊಳ್ಳಬೇಕು. ನಿಮ್ಮ ಸ್ವಂತ ವಾಕ್ಯಗಳಲ್ಲಿ ಹೊಸ ರೂಪ ಇರಲಿ. 1990ರಲ್ಲಿ ಇಲ್ಲಿ ಅಚ್ಚಾದ ಪುಸ್ತಕದ ಪ್ರಕಟಣೆಯ ಸ್ಥಳವನ್ನು ಮಾತ್ರ ಅದರ ಒಳಪುಟದಲ್ಲಿ ಇರುವಂತೆ ಹಳೆಯ ರೂಪದಲ್ಲಿಯೇ ಕೊಡಬೇಕು, ಏಕೆಂದರೆ ಗ್ರಂಥಾಲಯದ ಪಟ್ಟಿಯಲ್ಲಿ ಆ ಪುಸ್ತಕ ಸಿಗುವುದು ಆ ಹೆಸರಿನ ಜೊತೆಗೆ.